ಕಿಡ್ನಿ ಕಸಿ ಆದಮೇಲೆ ನಮ್ಮ ಕೈ ಹಿಡಿದ ಫಾರ್ಮಸಿಸ್ಟ್ ಸೇವೆ: 5ಕ್ಕೆ 4

ಟ್ರಾನ್ಸ್‌ಪ್ಲಾಂಟ್ ಮಾಡಿಸಲು ಆಸ್ಪತ್ರೆ ಹುಡುಕುವಾಗ ಎಲ್ಲರೂ ಕೇಳುವುದು ಒಂದೇ. ಸರ್ಜನ್ ಯಾರು, ಖರ್ಚು ಎಷ್ಟಾಗುತ್ತದೆ, ಎಷ್ಟು ದಿನ ಅಡ್ಮಿಟ್ ಆಗಬೇಕು. ನಾವೂ ಅಷ್ಟೇ ಕೇಳಿದ್ದು. ಆಮೇಲೆ ಜೀವಮಾನ ಪೂರ್ತಿ ನುಂಗಬೇಕಾದ ಮಾತ್ರೆಗಳನ್ನು ನಮ್ಮ ಜೊತೆ ಕೂತು ನೋಡುವವರು ಯಾರಾದರೂ ಇದ್ದಾರಾ ಅಂತ ಕೇಳಬೇಕು ಅನ್ನುವುದು ಹೊಳೆಯಲೇ ಇಲ್ಲ. ತಮ್ಮನಿಗೆ ಕಿಡ್ನಿ ಕಸಿ ಆಗಿ ಈಗ ಒಂದೂವರೆ ವರ್ಷ. ಆಸ್ಪತ್ರೆಯ ಊಟ, ರೂಮು, ಪಾರ್ಕಿಂಗ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅಲ್ಲಿನ ಟ್ರಾನ್ಸ್‌ಪ್ಲಾಂಟ್ ಫಾರ್ಮಸಿಸ್ಟ್ ಸೇವೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ. ಹೆಸರು ಹಾಕುತ್ತಿಲ್ಲ. ಕೆಳಗೆ ದೂರುಗಳೂ ಇವೆ, ಆ ಫಾರ್ಮಸಿಸ್ಟ್ ಮೇಡಂಗೆ ನನ್ನಿಂದ ತೊಂದರೆ ಆಗುವುದು ಬೇಡ.

ನಮ್ಮದು ತಿಪಟೂರಿನ ಹತ್ತಿರ, ತೋಟದ ಮನೆ. ತಮ್ಮನಿಗೆ 34 ವರ್ಷ. ಎರಡು ವರ್ಷ ಡಯಾಲಿಸಿಸ್ ಮೇಲೆ ಇದ್ದ. ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದೆವು. ಕಾದು ಕಾದು ಕೊನೆಗೆ ಅಮ್ಮನೇ ಹಟ ಹಿಡಿದು, ನಂದೇ ಕೊಡ್ತೀನಿ ಅಂದರು. ಟೆಸ್ಟ್‌ಗಳೆಲ್ಲ ಹೊಂದಿಕೆ ಆದವು.

ಫಾರ್ಮಸಿಸ್ಟ್ ಅಂದರೆ ನಮ್ಮ ಕಣ್ಣಿಗೆ ಬರುವುದು ಮೆಡಿಕಲ್ ಸ್ಟೋರ್ ಕೌಂಟರ್. ಚೀಟಿ ಕೊಟ್ಟರೆ ಮಾತ್ರೆ ಕೊಡುವವರು. ಇವರು ಹಾಗಲ್ಲ. ಫಾರ್ಮ್ ಡಿ ಓದಿದವರು. ಆರು ವರ್ಷದ ಕೋರ್ಸು, ನಮ್ಮ ದೇಶದಲ್ಲಿ ಶುರುವಾಗಿದ್ದು 2008ರಲ್ಲಿ. ಬೆಳಿಗ್ಗೆ ಡಾಕ್ಟರ್ ಜೊತೆ ರೌಂಡ್ಸ್‌ಗೆ ಬರುತ್ತಾರೆ, ರಿಪೋರ್ಟ್ ನೋಡಿ ಯಾವ ಡೋಸ್ ಏರಿಸಬೇಕು, ಯಾವುದು ಇಳಿಸಬೇಕು ಅಂತ ಡಾಕ್ಟರಿಗೆ ಸೂಚಿಸುತ್ತಾರೆ, ಮಧ್ಯಾಹ್ನ ಹಾಸಿಗೆ ಹಾಸಿಗೆಗೆ ಬಂದು ಕೂರುತ್ತಾರೆ. ಅಮೆರಿಕದಲ್ಲಿ ಕಸಿ ಮಾಡುವ ಆಸ್ಪತ್ರೆಯ ತಂಡದಲ್ಲಿ ಔಷಧ ಬಲ್ಲವರೂ ಇರಬೇಕು ಅನ್ನುವ ಸರ್ಕಾರಿ ನಿಯಮ 2007ರಿಂದ ಇದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ನಮ್ಮಲ್ಲಿ ಎಲ್ಲ ಕಡೆ ಇಂಥವರು ಸಿಗುವುದಿಲ್ಲ. ನಮಗೆ ಸಿಕ್ಕಿದ್ದು ಅದೃಷ್ಟ.

ಮೊದಲ ಭೇಟಿ ಆಪರೇಷನ್‌ಗೆ ಹತ್ತು ದಿನ ಮುಂಚೆ. ಇಬ್ಬರೂ ಈಗ ಏನೇನು ಔಷಧಿ ತಗೋತಿದ್ದೀರಿ ಅಂತ ಕೇಳಿದರು. ಅಮ್ಮ, ನನಗೆ ಏನೂ ಇಲ್ಲಮ್ಮ, ಬಿಪಿ ಶುಗರ್ ಏನೂ ಇಲ್ಲ ಅಂದರು. ಡಾಕ್ಟರ್ ಕೇಳಿದಾಗಲೂ ಇದೇ ಉತ್ತರ ಕೊಟ್ಟಿದ್ದರು. ಇವರು ಅಲ್ಲಿಗೇ ಬಿಡಲಿಲ್ಲ. ಮಂಡಿ ನೋವಿಗೆ? ತಲೆನೋವಿಗೆ? ರಾತ್ರಿ ನಿದ್ದೆಗೆ? ಕಷಾಯ, ಲೇಹ್ಯ? ಒಂದೊಂದಾಗಿ ಕೇಳುತ್ತಾ ಹೋದರು. ಅಮ್ಮ ಸಂಚಿಯಿಂದ ಒಂದು ಸ್ಟ್ರಿಪ್ ತೆಗೆದರು, ಅರ್ಧ ಖಾಲಿ ಆಗಿತ್ತು. ಡೈಕ್ಲೊಫಿನ್ಯಾಕ್. ಕೊಬ್ಬರಿ ಸುಲಿಯುವ ಕಾಲಕ್ಕೆ ಮಂಡಿ ಹಿಡಿದುಕೊಳ್ಳುತ್ತದೆ ಅಂತ ಊರಿನ ಅಂಗಡಿಯಿಂದ ತಂದು ನುಂಗುತ್ತಿದ್ದರಂತೆ, ಅದು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ನನಗೂ ಗೊತ್ತಿರಲಿಲ್ಲ. ಮಗನಿಗೆ ಕೊಡಬೇಕಾದ ಕಿಡ್ನಿಗೇ ಪೆಟ್ಟು ಕೊಡುವಂಥ ಮಾತ್ರೆ ಅದು. ಮೇಡಂ ಬೈಯಲಿಲ್ಲ. ಇನ್ನು ಮೇಲೆ ನಿಮಗೆ ಇರುವುದು ಒಂದೇ ಕಿಡ್ನಿ, ಮಗನಿಗೂ ಒಂದೇ, ಇಬ್ಬರಿಗೂ ಈ ಜಾತಿಯ ನೋವಿನ ಮಾತ್ರೆ ಬೇಡ, ನೋವು ಬಂದರೆ ಪ್ಯಾರಾಸಿಟಮಾಲ್, ಅದೂ ನಮ್ಮನ್ನು ಕೇಳಿ ಅಂದರು. ವಿಷಯವನ್ನು ಡಾಕ್ಟರಿಗೂ ತಿಳಿಸಿ ಅಮ್ಮನ ರಕ್ತ, ಮೂತ್ರ ಇನ್ನೊಂದು ಸಲ ಟೆಸ್ಟ್ ಮಾಡಿಸಿದರು. ಎಲ್ಲ ಸರಿ ಇತ್ತು. ಕಿಡ್ನಿ ಕೊಟ್ಟವರನ್ನು ಎಷ್ಟೋ ಕಡೆ ಹೊಲಿಗೆ ಬಿಚ್ಚಿದ ಮೇಲೆ ಮರೆತೇಬಿಡುತ್ತಾರೆ. ಇವರು ಇವತ್ತಿಗೂ ನನ್ನನ್ನು ಕಂಡರೆ ಮೊದಲು ಕೇಳುವುದು ಅಮ್ಮನ ಮಂಡಿ ಹೇಗಿದೆ ಅಂತಲೇ.

ಆಪರೇಷನ್ ಚೆನ್ನಾಗಿ ಆಯಿತು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ನಾಲ್ಕನೇ ದಿನ ಮೇಡಂ ಒಂದು ಟ್ರೇ ತುಂಬ ಮಾತ್ರೆ ಇಟ್ಟುಕೊಂಡು ಬಂದರು. ಟ್ಯಾಕ್ರೋಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್. ಈ ಮೂರು ಮುಖ್ಯ. ಜೊತೆಗೆ ಸೋಂಕು ಬರದ ಹಾಗೆ ವಾಲ್‌ಗ್ಯಾನ್‌ಸೈಕ್ಲೊವಿರ್, ಸೆಪ್ಟ್ರಾನ್, ಆಮೇಲೆ ಹೊಟ್ಟೆಗೆ, ಬಿಪಿಗೆ. ಒಟ್ಟು ಹನ್ನೊಂದು ತರಹ. ತಮ್ಮನಿಗೆ ತಲೆ ತಿರುಗಿತು. ಇಷ್ಟೆಲ್ಲ ಯಾಕೆ ಅಂದ. ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ. ಅಮ್ಮನ ಕಿಡ್ನಿ ನಿಮಗೆ ಅಮ್ಮನದು, ನಿಮ್ಮ ಮೈಗೆ ಮಾತ್ರ ಅದು ಹೊರಗಿನವರದು, ಓಡಿಸಲು ನೋಡುತ್ತಲೇ ಇರುತ್ತದೆ, ಈ ಮಾತ್ರೆಗಳು ಮೈಯನ್ನು ಸ್ವಲ್ಪ ಸುಮ್ನೆ ಕೂರಿಸುತ್ತವೆ, ಪೂರ್ತಿ ಮಲಗಿಸಿದರೆ ಸೋಂಕು ಬರುತ್ತದೆ, ಎಚ್ಚರ ಜಾಸ್ತಿ ಆದರೆ ಕಿಡ್ನಿ ಹೋಗುತ್ತದೆ. 1954ರಲ್ಲಿ ಬಾಸ್ಟನ್ನಿನಲ್ಲಿ ಮೊದಲ ಕಿಡ್ನಿ ಕಸಿ ಗೆದ್ದದ್ದು ಕೊಟ್ಟವನೂ ತಗೊಂಡವನೂ ತದ್ರೂಪಿ ಅವಳಿಗಳು ಆಗಿದ್ದಕ್ಕೆ ಅಂತಲೂ ಹೇಳಿದರು. ಇಬ್ಬರ ಮೈಯೂ ಒಂದೇ, ಓಡಿಸುವ ಮಾತೇ ಇಲ್ಲ. ಉಳಿದವರಿಗೆ ಒಳ್ಳೆಯ ಔಷಧಿ ಸಿಗಲು ದಶಕಗಳು ಬೇಕಾದವು. ಟ್ಯಾಕ್ರೋಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾ ಅನ್ನುವ ಊರಿನ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ತಮ್ಮ ಮಣ್ಣಿನ ಕೆಲಸದವನು. ಮಣ್ಣಿಂದ ಬಂದಿದ್ದಾ ಇದು ಅಂತ ಕ್ಯಾಪ್ಸೂಲ್ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ಆವತ್ತಿನಿಂದ ಮಾತ್ರೆ ತಗೋ ಅಂತ ಅವನಿಗೆ ನಾನು ಒತ್ತಾಯ ಮಾಡಿದ್ದಿಲ್ಲ.

ಟ್ಯಾಕ್ರೋಲಿಮಸ್ ಬೆಳಿಗ್ಗೆ 9, ರಾತ್ರಿ 9. ಹನ್ನೆರಡು ಗಂಟೆ ಅಂತರ ತಪ್ಪಬಾರದು. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ಆದಮೇಲೆ, ದಿನಾ ಒಂದೇ ಕ್ರಮ. ಒಂದು ಸಲ ಮರೆತರೆ ಮುಂದಿನ ಸಲ ಡಬಲ್ ನುಂಗುವ ಹಾಗಿಲ್ಲ. ಇದನ್ನೆಲ್ಲ ಹೇಳಿ ಸುಮ್ಮನಾಗಲಿಲ್ಲ. ಮಾತ್ರೆ ಹಾಕಿಡುವ ಖಾನೆ ಖಾನೆ ಡಬ್ಬಿ ಕೊಟ್ಟು, ನೀವೇ ಒಂದು ವಾರದ್ದು ತುಂಬಿಸಿ ತೋರಿಸಿ ಅಂದರು. ತಮ್ಮ ತುಂಬಿಸಿದ, ಎರಡು ತಪ್ಪು ಮಾಡಿದ. ಮತ್ತೆ ತುಂಬಿಸಿದ. ಮೂರನೇ ಸಲಕ್ಕೆ ಸರಿ ಆಯಿತು. ಆಮೇಲೆ ನನ್ನ ಕೈಯಲ್ಲೂ ಮಾಡಿಸಿದರು. ಮೂರೂ ಸಲ ಕೂತು ನೋಡಿದರಲ್ಲ, ಆ ತಾಳ್ಮೆಗೇ ನಾನು ಒಂದು ಸ್ಟಾರ್ ಕೊಡುತ್ತೇನೆ.

ಪಕ್ಕದ ಹಾಸಿಗೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹೆಣ್ಣುಮಗಳು ಇದ್ದಳು, ಹೊಸದಾಗಿ ಮದುವೆ ಆದವಳು. ಮೈಕೊಫಿನೊಲೇಟ್ ತಗೊಳ್ಳುವಾಗ ಗರ್ಭ ನಿಂತರೆ ಮಗುವಿಗೆ ಅಪಾಯ, ಮಗು ಬೇಕು ಅನಿಸಿದಾಗ ಮೊದಲೇ ಬಂದು ಹೇಳಿದರೆ ಡಾಕ್ಟರ್ ಬೇರೆ ಔಷಧಿಗೆ ಬದಲಾಯಿಸುತ್ತಾರೆ ಅಂತ ಪರದೆ ಎಳೆದು, ಗಂಡ ಅತ್ತೆ ಎಲ್ಲರನ್ನೂ ಹೊರಗೆ ಕಳಿಸಿ, ಮೆಲ್ಲಗೆ ವಿವರಿಸಿದರು. ಪರದೆ ಆಚೆ ಕೂತಿದ್ದ ನನ್ನ ಕಿವಿಗೂ ಬಿತ್ತು. ರೌಂಡ್ಸಿನ ಗಡಿಬಿಡಿಯಲ್ಲಿ ಆ ಹುಡುಗಿ ಇದನ್ನು ಯಾರ ಹತ್ತಿರ ಕೇಳಿಯಾಳು ಹೇಳಿ?

ಈಗ ಹಣ್ಣಿನ ವಿಷಯ. ಇದನ್ನು ದಯವಿಟ್ಟು ಎಲ್ಲರೂ ಓದಿ. ಡಿಸ್ಚಾರ್ಜ್ ದಿನ ಆಸ್ಪತ್ರೆ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷ್. ಅದರಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಇತ್ತು. ನಾವು ಗ್ರೇಪ್ ಅಂದರೆ ದ್ರಾಕ್ಷಿ ಅಂದುಕೊಂಡೆವು. ಮನೆಗೆ ದ್ರಾಕ್ಷಿ ತರುವುದನ್ನೇ ನಿಲ್ಲಿಸಿದೆವು, ಪಾಯಸಕ್ಕೆ ಒಣದ್ರಾಕ್ಷಿ ಕೂಡ ಹಾಕಲಿಲ್ಲ. ಒಂದು ತಿಂಗಳಾದಾಗ ನಮ್ಮ ಚಿಕ್ಕಮ್ಮ ದೇವನಹಳ್ಳಿಯಿಂದ ತಮ್ಮನನ್ನು ನೋಡಲು ಬಂದರು, ಬರುವಾಗ ಎರಡು ದೊಡ್ಡ ಚಕ್ಕೋತ ತಂದರು. ದೇವನಹಳ್ಳಿ ಚಕ್ಕೋತ ಅಂದರೆ ಕೇಳಬೇಕಾ. ಬಿಡಿಸಿಟ್ಟಿದ್ದೆ, ಇನ್ನೇನು ಅವನ ಕೈಗೆ ಕೊಡಬೇಕು. ಅಷ್ಟರಲ್ಲಿ ಮೇಡಂ ಫೋನ್ ಬಂತು, ಹಿಂದಿನ ದಿನದ ರಿಪೋರ್ಟ್ ವಿಷಯಕ್ಕೆ. ಅವರ ರೂಢಿ, ಏನು ತಿಂದಿರಿ, ಏನು ತಿನ್ನುತ್ತಿದ್ದೀರಿ ಅಂತ ಕೇಳುವುದು. ಚಕ್ಕೋತ ಅಂದೆ. ತಿನ್ನಿಸಬೇಡಿ, ತಿನ್ನಿಸಬೇಡಿ ಅಂತ ಎರಡು ಸಲ ಹೇಳಿದರು. ಗ್ರೇಪ್‌ಫ್ರೂಟ್ ಅಂದರೆ ದ್ರಾಕ್ಷಿ ಅಲ್ಲ, ಅದು ಚಕ್ಕೋತದ ಮನೆತನದ ಹಣ್ಣು. ಟ್ಯಾಕ್ರೋಲಿಮಸ್‌ನ ಒಂದು ಪಾಲನ್ನು ಕರುಳಿನಲ್ಲೇ ಕರಗಿಸಿ ಹಾಕುವ ಒಂದು ಕಿಣ್ವ ಇದೆ, ಈ ಹಣ್ಣುಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ನುಂಗಿದ ಔಷಧಿ ಜಾಸ್ತಿ ಜಾಸ್ತಿ ರಕ್ತಕ್ಕೆ ಹೋಗುತ್ತದೆ, ಹೊಸ ಕಿಡ್ನಿಗೇ ವಿಷವಾಗುತ್ತದೆ. ಇಷ್ಟು ದಿನ ನಾವು ತಿನ್ನಬಹುದಾದ ದ್ರಾಕ್ಷಿ ಬಿಟ್ಟು, ತಿನ್ನಬಾರದ ಹಣ್ಣನ್ನು ತಟ್ಟೆಗೆ ಹಾಕಿದ್ದೆವು. ಕನ್ನಡದಲ್ಲಿ ಚಕ್ಕೋತ ಅಂತ ಒಂದು ಪದ ಬರೆದಿದ್ದರೆ ಸಾಕಿತ್ತು. ಇದನ್ನು ಆಸ್ಪತ್ರೆಯ ತಪ್ಪು ಅಂತಲೇ ನಾನು ಹೇಳುತ್ತೇನೆ.

ಎಳನೀರಿನ ಕಥೆಯೂ ಇದೇ ತರಹ. ಡಯಾಲಿಸಿಸ್ ಇದ್ದಾಗ ಎರಡು ವರ್ಷ ಮುಟ್ಟಿರಲಿಲ್ಲ. ಸುತ್ತ ತೆಂಗಿನ ತೋಟ, ಒಂದು ಗುಟುಕು ಕುಡಿಯುವ ಹಾಗಿಲ್ಲ. ಹೊಸ ಕಿಡ್ನಿ ಬಂತಲ್ಲ ಅಂತ ದಿನಕ್ಕೆ ಎರಡು ಶುರು ಮಾಡಿದ್ದ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ 5.8 ಬಂತು. ಟ್ಯಾಕ್ರೋಲಿಮಸ್ ತಾನೇ ಪೊಟ್ಯಾಸಿಯಂ ಏರಿಸುತ್ತದೆ, ಸೆಪ್ಟ್ರಾನ್ ಕೂಡ, ಅದರ ಮೇಲೆ ಎಳನೀರು. ತಿಪಟೂರು ಅಂತ ಫೈಲಿನಲ್ಲಿ ನೋಡಿಯೇ ಮೇಡಂಗೆ ಅನುಮಾನ ಬಂದಿತ್ತಂತೆ. ಅವನು ಎಷ್ಟು ಆಸೆಪಟ್ಟು ಕುಡಿಯುತ್ತಿದ್ದ ಅಂತ ನನಗೆ ಗೊತ್ತು. ಸದ್ಯಕ್ಕೆ ಬೇಡ, ಪೊಟ್ಯಾಸಿಯಂ ಇಳಿದ ಮೇಲೆ ಡಯಟೀಷಿಯನ್ ಹತ್ತಿರ ಕೇಳೋಣ ಅಂದರು. ಈಗ ಅಪರೂಪಕ್ಕೆ ಅರ್ಧ ಕುಡಿಯುತ್ತಾನೆ.

ಪಕ್ಕದ ತೋಟದವರು ಅಮೃತಬಳ್ಳಿ ಕಷಾಯ ತಂದುಕೊಟ್ಟಿದ್ದರು, ನಿರೋಧಕ ಶಕ್ತಿ ಹೆಚ್ಚುತ್ತದೆ ಅಂತ. ಒಳ್ಳೆ ಮನಸ್ಸಿನಿಂದಲೇ ಕೊಟ್ಟಿದ್ದು. ಆದರೆ ಇವನಿಗೆ ಆ ಶಕ್ತಿಯನ್ನು ತಗ್ಗಿಸಿ ಇಡಲು ತಾನೇ ಇಷ್ಟು ಮಾತ್ರೆ? ಇದನ್ನು ಊರಿನವರಿಗೆ ಹೇಗೆ ಹೇಳುವುದು ಅಂತ ನನಗೆ ಗೊತ್ತಾಗಲಿಲ್ಲ. ಮೇಡಂ ಫೋನ್ ಸ್ಪೀಕರಿಗೆ ಹಾಕಿಸಿ ಅವರಿಗೇ ಅರ್ಥ ಮಾಡಿಸಿದರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಐದನೇ ತಿಂಗಳಲ್ಲಿ ಆಗಿದ್ದು ನಮ್ಮನ್ನು ನಿಜವಾಗಿ ಹೆದರಿಸಿತು. ತಮ್ಮನಿಗೆ ಕೆಮ್ಮು, ಒಂದು ವಾರ ಬಿಡಲಿಲ್ಲ. ಬೆಂಗಳೂರಿಗೆ ಹೋಗಿ ಬರಲು ಒಂದು ದಿನವೇ ಬೇಕು, ಅದಕ್ಕೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕಿಡ್ನಿ ಕಸಿ ಆಗಿದೆ ಅಂತ ಹೇಳಿದೆ ಕೂಡ. ಐದು ದಿನಕ್ಕೆ ಮಾತ್ರೆ ಬರೆದರು. ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದ ಅವನ ಕೈ ನಡುಗುತ್ತಿತ್ತು. ಕಾಫಿ ಅಂಗಿ ಮೇಲೆ ಚೆಲ್ಲಿತು. ತಲೆನೋವು ಬೇರೆ. ಕೈ ನಡುಗಿದರೆ ಫೋನ್ ಮಾಡಿ ಅಂತ ಮೇಡಂ ಮೊದಲೇ ಹೇಳಿದ್ದರು, ಮಾಡಿದೆ. ಹೊಸ ಮಾತ್ರೆ ಏನಾದರೂ ಶುರು ಆಯಿತಾ ಅಂತ ಕೇಳಿದರು. ಸ್ಟ್ರಿಪ್ ಹಿಂದಿನ ಅಕ್ಷರ ಒಂದೊಂದೇ ಓದಿ ಹೇಳಿದೆ. ಕ್ಲಾರಿಥ್ರೊಮೈಸಿನ್. ಲೈನಲ್ಲೇ ಇರಿ ಅಂದರು. ನೆಫ್ರಾಲಜಿ ಡಾಕ್ಟರನ್ನು ಹುಡುಕಿಕೊಂಡು ಹೋಗಿ, ಎರಡೇ ನಿಮಿಷದಲ್ಲಿ ವಾಪಸ್ ಬಂದು, ಆ ಮಾತ್ರೆ ನಿಲ್ಲಿಸಿ, ರಾತ್ರಿಯ ಟ್ಯಾಕ್ರೋಲಿಮಸ್ ಕೊಡಬೇಡಿ, ನಾಳೆ ಬೆಳಿಗ್ಗೆಯದ್ದೂ ಬೇಡ, ನಾಳೆ ಬೆಳಿಗ್ಗೆನೇ ಇಲ್ಲಿರಿ ಅಂದರು. ಚಕ್ಕೋತ ಕಟ್ಟಿಹಾಕುವ ಅದೇ ಕಿಣ್ವವನ್ನು ಈ ಆಂಟಿಬಯಾಟಿಕ್ ಇನ್ನೂ ಜೋರಾಗಿ ಕಟ್ಟಿಹಾಕುತ್ತದಂತೆ.

ರಾತ್ರಿಯ ಡೋಸ್ ತಪ್ಪಿಸಿದ ಮೇಲೂ ರಕ್ತದಲ್ಲಿ ಟ್ಯಾಕ್ರೋಲಿಮಸ್ ಲೆವೆಲ್ 21 ಇತ್ತು. ಅವನಿಗೆ ಆಗ ಇರಬೇಕಾಗಿದ್ದು 7ರಿಂದ 9. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.2 ಇದ್ದದ್ದು 1.9ಕ್ಕೆ ಹೋಗಿತ್ತು. ಅಮ್ಮ ಆ ಎರಡು ದಿನ ಏನೂ ತಿನ್ನಲಿಲ್ಲ. ದಿನ ಬಿಟ್ಟು ದಿನ ರಕ್ತ ತೆಗೆದು, ಡೋಸ್ ಸ್ವಲ್ಪ ಸ್ವಲ್ಪವೇ ವಾಪಸ್ ತಂದರು, ಕೆಮ್ಮಿಗೆ ಬೇರೆ ಔಷಧಿ ಆಯಿತು. ಎರಡು ವಾರಕ್ಕೆ ಕ್ರಿಯಾಟಿನಿನ್ 1.3ಕ್ಕೆ ಬಂತು. ಐದೂ ದಿನ ಆ ಮಾತ್ರೆ ನುಂಗಿದ್ದರೆ? ಅದನ್ನು ಯೋಚಿಸಲು ಈಗಲೂ ಕಷ್ಟ ಆಗುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದರ ಉಲ್ಟಾ, ಟ್ಯಾಕ್ರೋಲಿಮಸ್ಸನ್ನು ಬೇಗ ಕರಗಿಸಿ ಲೆವೆಲ್ ಪಾತಾಳಕ್ಕೆ ತರುತ್ತದೆ, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳೂ ಹಾಗೇ ಅಂತ ಆಗ ತಿಳಿಯಿತು. ಆವತ್ತಿನಿಂದ ಯಾವ ಡಾಕ್ಟರ್ ಏನೇ ಬರೆದರೂ ಚೀಟಿಯ ಫೋಟೋ ಮೊದಲು ಮೇಡಂಗೆ ಹೋಗುತ್ತದೆ, ಆಮೇಲೆ ಮಾತ್ರೆ ಬಾಯಿಗೆ. ಹಲ್ಲಿನ ಡಾಕ್ಟರದ್ದೂ ಸೇರಿ.

ಲೆವೆಲ್ ಟೆಸ್ಟ್ ಬಗ್ಗೆ ಒಂದು ಮಾತು, ಹೊಸಬರಿಗೆ ಉಪಯೋಗ ಆಗಬಹುದು. ರಕ್ತ ತೆಗೆಯುವುದು ಬೆಳಗಿನ ಡೋಸ್‌ಗೆ ಮುಂಚೆ, ಹಿಂದಿನ ರಾತ್ರಿಯ ಡೋಸ್ ಆಗಿ ಹನ್ನೆರಡು ಗಂಟೆ ಕಳೆದ ಮೇಲೆ. ತಮ್ಮ ಮೊದಲ ಸಲ ಮನೆಯಲ್ಲೇ ಕ್ಯಾಪ್ಸೂಲ್ ನುಂಗಿ ಬಂದಿದ್ದ. ಲ್ಯಾಬಿನಲ್ಲಿ ಯಾರೂ ಕೇಳಲಿಲ್ಲ, ರಕ್ತ ತೆಗೆದೇಬಿಟ್ಟರು, ನಂಬರ್ ಎಲ್ಲಿಗೋ ಹೋಯಿತು. ಮೇಡಂ ಕೇಳಿದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಆ ಸುಳ್ಳು ನಂಬರ್ ನಂಬಿ ಡೋಸ್ ಇಳಿಸುತ್ತಿದ್ದರು. ಈಗ ಕ್ಯಾಪ್ಸೂಲ್ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಾನೆ, ರಕ್ತ ಕೊಟ್ಟ ಕೂಡಲೇ ನುಂಗುತ್ತಾನೆ.

ದೂರಿಗೆ ಬರುತ್ತೇನೆ. ಇಡೀ ಟ್ರಾನ್ಸ್‌ಪ್ಲಾಂಟ್ ವಿಭಾಗಕ್ಕೆ ಇರುವುದು ಇಬ್ಬರೇ ಫಾರ್ಮಸಿಸ್ಟ್. ಸಂಜೆ ಐದರ ಮೇಲೆ ಯಾರೂ ಇಲ್ಲ, ಭಾನುವಾರ ಇಲ್ಲ. ಒಂದು ಭಾನುವಾರ ರಾತ್ರಿ 9ಕ್ಕೆ ಮಾತ್ರೆ ನುಂಗಿ ಕಾಲು ಗಂಟೆಗೆ ತಮ್ಮ ವಾಂತಿ ಮಾಡಿದ. ಮತ್ತೆ ಕೊಡಬೇಕಾ ಬೇಡವಾ? ಎಮರ್ಜೆನ್ಸಿಗೆ ಫೋನ್ ಮಾಡಿದರೆ, ಎತ್ತಿದವರು ನಾಳೆ ಓಪಿಡಿಗೆ ಬನ್ನಿ ಅಂತ ಇಟ್ಟುಬಿಟ್ಟರು. ರಾತ್ರಿ ಪೂರ್ತಿ ನಾನು ಆ ಡಬ್ಬಿ ನೋಡುತ್ತಾ ಕೂತಿದ್ದೆ. ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ವಾಂತಿ ಆಯಿತು ಅನ್ನುವುದರ ಮೇಲೆ ನಿರ್ಧಾರ ಆಗುತ್ತದೆ ಅಂತ ಸೋಮವಾರ ಗೊತ್ತಾಯಿತು. ಇದನ್ನು ಮೊದಲೇ ನಾಲ್ಕು ಸಾಲಿನಲ್ಲಿ ಬರೆದು ಕೊಡಬಹುದಿತ್ತು ಅಲ್ವಾ? ಇಷ್ಟು ಲಕ್ಷ ಖರ್ಚು ಮಾಡಿಸಿಕೊಳ್ಳುವ ಆಸ್ಪತ್ರೆಗೆ ರಾತ್ರಿ ಹೊತ್ತು ಒಬ್ಬರನ್ನು ಫೋನಿಗೆ ಇಡುವುದು ಕಷ್ಟವಾ?

ಇನ್ನೊಂದು. ಕೆಳಗಿನ ಬಿಲ್ಲಿಂಗ್ ಫಾರ್ಮಸಿ ಬೇರೆ, ಈ ಮೇಡಂ ಬೇರೆ. ಎಂಟನೇ ತಿಂಗಳು ಆ ಕೌಂಟರಿನಲ್ಲಿ ದಿನಕ್ಕೆ ಎರಡು ಸಲ ತಗೊಳ್ಳುವ ಟ್ಯಾಕ್ರೋಲಿಮಸ್ ಬದಲು ದಿನಕ್ಕೆ ಒಂದೇ ಸಲ ತಗೊಳ್ಳುವ ತರಹದ್ದನ್ನು ಕೊಟ್ಟರು. ಔಷಧಿ ಹೆಸರು ಅದೇ, ಮಿಲಿಗ್ರಾಂ ಅದೇ, ಮೈಯಲ್ಲಿ ಬಿಡುಗಡೆ ಆಗುವ ರೀತಿ ಬೇರೆ. ತಮ್ಮ ಅಲ್ಲೇ ನಿಂತು ಹಳೇ ಖಾಲಿ ಸ್ಟ್ರಿಪ್ ಜೇಬಿಂದ ತೆಗೆದು ಪಕ್ಕಪಕ್ಕ ಹಿಡಿದು ನೋಡಿದ್ದರಿಂದ ಸಿಕ್ಕಿಬಿತ್ತು. ಹಾಗೆ ನೋಡುವುದನ್ನು ಕಲಿಸಿದ್ದು ಮೇಡಂ. ಕೌಂಟರಿನವರು ಎರಡೂ ಒಂದೇ ಸರ್ ಅಂದರು. ಒಂದೇ ಅಲ್ಲ. ಕಂಪನಿ ಬದಲಾದರೂ ಅಷ್ಟೇ, ಡಾಕ್ಟರಿಗೆ ತಿಳಿಸಬೇಕು, ಲೆವೆಲ್ ಮತ್ತೆ ನೋಡಬೇಕು. ಕಡಿಮೆ ಬೆಲೆಯದ್ದು ಕೆಟ್ಟದ್ದು ಅಂತ ಅಲ್ಲ, ನಾವೇ ಒಂದು ಸಲ ಬೆಲೆ ನೋಡಿ ಮೈಕೊಫಿನೊಲೇಟ್ ಬ್ರ್ಯಾಂಡ್ ಬದಲಾಯಿಸಿದ್ದೇವೆ, ಅವರನ್ನು ಕೇಳಿಯೇ. ಮೊದಲ ತಿಂಗಳುಗಳಲ್ಲಿ ವಾಲ್‌ಗ್ಯಾನ್‌ಸೈಕ್ಲೊವಿರ್ ಒಂದೇ ನಮ್ಮ ಜೇಬು ಖಾಲಿ ಮಾಡುತ್ತಿತ್ತು. ಅದು ಎಂದು ನಿಲ್ಲುತ್ತದೆ ಅಂತ ಮೊದಲೇ ಹೇಳಿದ್ದರಿಂದ ಹೇಗೋ ಸಾಲ ಮಾಡದೆ ದಾಟಿದೆವು.

ಈ ಸೇವೆಗೆ ಬೇರೆ ಫೀಸ್ ಇಲ್ಲ. ಮಂಗಳವಾರ ಮತ್ತು ಶುಕ್ರವಾರ ಓಪಿಡಿಯ ಕೊನೆಯ ಕೋಣೆಯಲ್ಲಿ ಕೂರುತ್ತಾರೆ, ಬೋರ್ಡ್ ಕೂಡ ಇಲ್ಲ, ಕೇಳಿಕೊಂಡು ಹೋಗಬೇಕು. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಎಣ್ಣೆ, ಟಾನಿಕ್ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬೇರೆ ಆಸ್ಪತ್ರೆಯಲ್ಲಿ ಮಾಡಿಸುವವರು ಕಸಿಗೆ ಮುಂಚೆಯೇ ಕೇಳಿ, ನಿಮ್ಮಲ್ಲಿ ಟ್ರಾನ್ಸ್‌ಪ್ಲಾಂಟ್ ಫಾರ್ಮಸಿಸ್ಟ್ ಇದ್ದಾರಾ, ಅವರ ಜೊತೆ ಎಷ್ಟು ಹೊತ್ತು ಮಾತಾಡಬಹುದು, ಡಿಸ್ಚಾರ್ಜ್ ಆದಮೇಲೆ ಯಾವ ನಂಬರಿಗೆ ಫೋನ್ ಮಾಡುವುದು ಅಂತ.

ಮೇಡಂಗೆ 5ಕ್ಕೆ 5. ಆಸ್ಪತ್ರೆ ಅವರ ಕೆಲಸಕ್ಕೆ ಕೊಟ್ಟಿರುವ ಬೆಂಬಲಕ್ಕೆ 3. ಸೇರಿಸಿ 4. ಹೋದ ತಿಂಗಳು ಹೋದಾಗ ಡಿಸ್ಚಾರ್ಜ್ ಹಾಳೆ ಇನ್ನೂ ಇಂಗ್ಲಿಷಿನಲ್ಲೇ ಇತ್ತು, ಬದಲಾಗಿಲ್ಲ. ಆದರೆ ಅವರ ಮೇಜಿನ ಮೇಲಿದ್ದ ಕಟ್ಟಿನಲ್ಲಿ ಪ್ರತಿ ಹಾಳೆಯಲ್ಲೂ ಗ್ರೇಪ್‌ಫ್ರೂಟ್ ಅನ್ನುವ ಪದದ ಪಕ್ಕ ನೀಲಿ ಪೆನ್ನಿನಲ್ಲಿ ಚಕ್ಕೋತ ಅಂತ ಬರೆದಿದ್ದರು.